ಹಗ್ಗದ ಮೇಲಿನ ತುದಿ

2 ಮಾರ್ಚ್ 1997, ಭಾನುವಾರ. ಕೊಟ್ಟೂರು

ಪ್ರಿಪರೇಟರಿ ಪೇಪರು ನಲವತ್ತು ಮುಗಿದವು. ಇನ್ನೂ ಅರವತ್ತೆರಡು ಇವೆ. ಒಬ್ಬ ಮಹಾನುಭಾವ 'ಮೀನಿಗೆ ಮೂಗು ಒಳಗಡೆ ಇರುತ್ತದೆ, ಆದ್ದರಿಂದ ನೆಗಡಿ ಬರುವುದಿಲ್ಲ' ಎಂದು ಬರೆದಿದ್ದಾನೆ. ಅರ್ಧ ಅಂಕ ಕೊಟ್ಟೆ, ಧೈರ್ಯಕ್ಕೆ.

ಹೊಸಪೇಟೆ ಆಕಾಶವಾಣಿಯಿಂದ ಕಾಗದ ಬಂತು! ಹತ್ತು ನಿಮಿಷದ ಭಾಷಣ, 'ಸಮುದ್ರದ ತಳಕ್ಕೆ ಇಳಿದವರು'. ವಿಷಯ ನಾನೇ ಕೊಟ್ಟದ್ದು. ರೆಕಾರ್ಡಿಂಗ್ ಏಪ್ರಿಲ್ ಹದಿನೈದಕ್ಕೆ. ನಾಗರತ್ನ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ, "ನೀವು ಸಮುದ್ರ ನೋಡೀರೇನು?" ಎಂದಳು.

ಹೆಂಡತಿಯಾದವಳು ಕೇಳಬಾರದ ಪ್ರಶ್ನೆ. ಡ್ಯಾಮಿನ ಹಿನ್ನೀರು ನೋಡಿದ್ದೇನೆ.

6 ಮಾರ್ಚ್

ಭಾಷಣದ ಟಿಪ್ಪಣಿ. 1930. ಬೀಬ್, ಬಾರ್ಟನ್ ಎಂಬ ಇಬ್ಬರು ಅಮೆರಿಕನ್ನರು. ಬರ್ಮುಡಾ ದ್ವೀಪದ ಹತ್ತಿರ. ಒಂದು ಉಕ್ಕಿನ ಗುಂಡು, ಒಳಗೆ ಐದಡಿಗೂ ಕಮ್ಮಿ. ಅದರಲ್ಲಿ ಇಬ್ಬರೂ ಕಾಲು ಮಡಚಿ ಕೂತು, ಹಡಗಿನಿಂದ ಉಕ್ಕಿನ ಹಗ್ಗದಲ್ಲಿ ಇಳಿದರು. 1934ರಲ್ಲಿ ಮೂರು ಸಾವಿರ ಅಡಿ ದಾಟಿದರು. ಆಮ್ಲಜನಕದ ಸಿಲಿಂಡರು ಇತ್ತು. ಬಿಟ್ಟ ಉಸಿರಿನ ಕೆಟ್ಟ ಗಾಳಿ ಹೀರಲು ಸುಣ್ಣದಂಥ ಪುಡಿ ತುಂಬಿದ ತಟ್ಟೆ. ಗಾಳಿ ಆಡಿಸಲು ಏನು? ತಾಳೆಗರಿಯ ಬೀಸಣಿಗೆ! ನಮ್ಮವ್ವ ಒಲೆಯ ಮುಂದೆ ಬೀಸುತ್ತಿದ್ದಂಥದ್ದು.

ಟೆಲಿಫೋನ್ ತಂತಿಯೂ ಇತ್ತು. ಹಡಗಿನ ಮೇಲೆ ಅದರ ಇನ್ನೊಂದು ತುದಿ ಹಿಡಿದು ಕೂತವಳು ಗ್ಲೋರಿಯಾ ಹಾಲಿಸ್ಟರ್. ಕೆಳಗಿನವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು ಅವಳ ಕೆಲಸ. ಮಾತು ನಿಲ್ಲಬಾರದು. ಒಮ್ಮೆ ತಂತಿ ಕೆಟ್ಟು ದನಿ ನಿಂತಾಗ ಗುಂಡನ್ನು ಮೇಲಕ್ಕೆಳೆದೇ ಬಿಟ್ಟರಂತೆ.

ಇದಕ್ಕೆ ಒಂದು ಸಾಲು ಸಾಕು. ಹತ್ತೇ ನಿಮಿಷ ಇರುವುದು.

9 ಮಾರ್ಚ್, ಭಾನುವಾರ

ಬೆಳಗಿನ ಬಸ್ಸಿಗೆ ಚಿಗಟೇರಿಯಿಂದ ಅಕ್ಕ ಬಂದಳು. ಅಂಜಿನಕ್ಕ ಸುಮ್ಮನೆ ಬರುವವಳಲ್ಲ. ಕೈಚೀಲದಲ್ಲಿ ಹುಣಸೆಹಣ್ಣು, ಮುಖದಲ್ಲಿ ಕೆಲಸ.

"ಯರ್ರಿಸ್ವಾಮಿ ಬೋರ್‌ವೆಲ್ ಲಾರಿ ಹತ್ತಿ ಆಂಧ್ರಕ್ಕ ಹೋಗ್ಯಾನ. ಇನ್ನ ಹಗ್ಗ ಹಿಡಿಯಾಕ ನೀನಽ ಉಳಿದಾಂವ, ಶ್ರೀನಾಥಾ."

ಯರ್ರಿಸ್ವಾಮಿ ನಮ್ಮ ಕಿರಿಯ ತಮ್ಮ. ಭಾವ ಪಾಲಣ್ಣ ಬಾವಿಗೆ ಇಳಿಯುವವನು. ಹೂಳು ತೆಗೆಯುತ್ತಾನೆ, ಬಿದ್ದ ಮೋಟರು ಎತ್ತಿಕೊಡುತ್ತಾನೆ. ನಮ್ಮಪ್ಪನದೂ ಅದೇ ಕೆಲಸವಾಗಿತ್ತು. ನಮ್ಮವರಲ್ಲಿ ಇಳಿಯುವವನ ಹಗ್ಗ ಹಿಡಿಯುವುದು ಬಾಮೈದ. ಅಣ್ಣತಮ್ಮಂದಿರಲ್ಲ, ಅವರಿಗೆ ಹೊಲದ ಪಾಲಿನ ಮೇಲೆ ಕಣ್ಣು. ಬಾಮೈದನಾದರೆ ಅಕ್ಕನ ಕುಂಕುಮ ಕೈಯಲ್ಲಿ ಹಿಡಿದಂತೆ ಹಿಡಿಯುತ್ತಾನೆ. ಎಳೆಯುವವರು ನಾಲ್ವರು ಬೇರೆ. 'ಎಳೀರಿ' ಎನ್ನುವ ಹಕ್ಕು ಮಾತ್ರ ಅವನದು.

"ನನಗ ಪರೀಕ್ಷಾ ಕೆಲಸ ಐತಿ, ರಜಾ ಇಲ್ಲ" ಎಂದೆ.

"ಭಾನುವಾರಕ್ಕೂ ಇಲ್ಲೇನು?"

ಪೇಪರಿನ ಕಟ್ಟು ಮುಂದಕ್ಕೆ ಎಳೆದುಕೊಂಡೆ. ಅವಳಿಗೂ ಗೊತ್ತು ಯಾಕೆಂದು. ಎರಡು ವರ್ಷವಾಯಿತು ನಾನೂ ಭಾವನೂ ಮಾತು ಬಿಟ್ಟು. ಮಗಳ ತೊಟ್ಟಿಲ ಕಾರ್ಯದ ಊಟ. ಹೆಡ್ಮಾಸ್ತರು ಪಕ್ಕದ ಎಲೆಯಲ್ಲಿದ್ದರು. ಭಾವ ಅವರಿಗೆ ಹೇಳುತ್ತಿದ್ದ: "ಹಾಳು ಬಾವ್ಯಾಗ ಲಾಂದ್ರ ಉರೀತು ಅಂತ ನಂಬಬಾರ್ದ್ರಿ. ಕೆಸರು ಕಲಕಿದ ಮ್ಯಾಲ ಬ್ಯಾರೇನ ಗಾಳಿ ಏಳತೈತಿ." ನಾನು, ದೀಪ ಉರಿದರೆ ಆಮ್ಲಜನಕ ಇದೆ ಎಂದೇ ಅರ್ಥ ಎಂದೆ. ಅವನು ಬಿಡಲಿಲ್ಲ. ಹೆಡ್ಮಾಸ್ತರು ಅವನ ಮಾತಿಗೇ ತಲೆಯಾಡಿಸಿದರು. ನನಗೆ ಉರಿಯಿತು. "ಬಾವ್ಯಾಗಿನ ಕಪ್ಪಿಗೇನು ಗೊತ್ತು ವಿಜ್ಞಾನ" ಎಂದುಬಿಟ್ಟೆ. ಪಂಕ್ತಿಯೆಲ್ಲ ಕೇಳುವ ಹಾಗೆ. ಭಾವ ಅರ್ಧ ಎಲೆಗೇ ಕೈ ತೊಳೆದು ಎದ್ದುಹೋದ.

ಅಕ್ಕ ಚಹಾ ಮುಟ್ಟಲಿಲ್ಲ. ಹುಣಸೆಹಣ್ಣು ಇಟ್ಟು ಹೋದಳು.

10 ಮಾರ್ಚ್

ನಾಗರತ್ನಳಿಗೆ ಭಾಷಣ ಓದಿ ಹೇಳಿದೆ. ರೊಟ್ಟಿ ತಟ್ಟುತ್ತಲೇ ಕೇಳಿದಳು. ಮುಗಿದ ಮೇಲೆ ಒಂದೇ ಮಾತು.

"ಫೋನು ಹಿಡಕೊಂಡು ಕುಂತಿದ್ಲಲ್ಲ ಆಯಮ್ಮ, ಆಕಿ ರಜಾ ಇಲ್ಲ ಅಂದಿದ್ರ ಏನಾಗ್ತಿತ್ತು?"

ಊಟ ರುಚಿಸಲಿಲ್ಲ. ರೊಟ್ಟಿ ಚೆನ್ನಾಗಿಯೇ ಇತ್ತು.

16 ಮಾರ್ಚ್, ಭಾನುವಾರ

ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ರಿಪೇರಿ ಮಾಡುವ ಮೌಲಾಸಾಬ್ ಮನೆಗೇ ಬಂದರು. ಎಲ್ಲಿ ಮೋಟರು ಬಾವಿಗೆ ಬಿದ್ದರೂ ಭಾವನನ್ನು ಕರೆಸುವವರು ಇವರೇ. ಯರ್ರಿಸ್ವಾಮಿ ಹೋದ ಮೇಲೆ ಎರಡು ಬಾವಿಗೆ ಇವರೇ ಹಗ್ಗ ಹಿಡಿದಿದ್ದಾರೆ.

"ನನಗ ಆಗೂದಿಲ್ಲ ಸಾರ್. ಮೋಟರು ಕಟ್ಟಿದ ಹಗ್ಗ ಆದ್ರ ಹಿಡಿತೀನಿ. ಮನಷ್ಯಾನ ಕಟ್ಟಿದ ಹಗ್ಗ ಹಿಡದ್ರ ಕೈ ನಡಗತಾವ. ಪಾಲಣ್ಣ ಇಳಿಯಾಕ ಮುಂಚಿ ನನ್ನ ಮಖ ನೋಡ್ತಾನ, ಏನೂ ಅನ್ನೂದಿಲ್ಲ. ಅದನ್ನ ನೋಡಾಕ ಆಗವಲ್ದು."

ಮುಂದಿನ ಭಾನುವಾರ ತೆಲಿಗಿಯಲ್ಲಿ ಕೆಲಸವಂತೆ. ಪಾಲಾಕ್ಷಪ್ಪ ಎಂಬುವರ ಹೊಲದ ಹಳೆಯ ಬಾವಿ. ಐವತ್ತೈದು ಅಡಿ.

"ಅವನು ನನ್ನ ಕೂಡ ಮಾತಾಡೂದಿಲ್ಲ" ಎಂದೆ.

"ಮಾತು ನಾ ಸಾಗಸ್ತೀನಿ, ನೀವು ಹಗ್ಗ ಹಿಡೀರಿ."

ಹೂಂ ಎಂದೆ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಆಮೇಲೆ ಮತ್ತೆ ಶುರುವಾಯಿತು.

23 ಮಾರ್ಚ್, ಭಾನುವಾರ. ಸಂಜೆ

ಕೈ ಸುಲಿದಿದೆ. ಪೆನ್ನು ಹಿಡಿಯಲು ಆಗುತ್ತಿಲ್ಲ. ಆದರೂ ಬರೆಯಬೇಕು.

ಎಂಟಕ್ಕೆ ತೆಲಿಗಿ. ಭಾವ ಆಗಲೇ ಬಂದಿದ್ದ. ನನ್ನನ್ನು ನೋಡಿದ, ಬಾವಿಯನ್ನು ನೋಡಿದ. ಹಗ್ಗವನ್ನು ಎದೆಗೆ ಸುತ್ತಿ ಗಂಟು ಹಾಕಿಕೊಂಡ. ತುದಿಯನ್ನು ತಾನೇ ತಂದು ನನ್ನ ಕೈಗೆ ಕೊಟ್ಟ. ಬೇವಿನ ಟೊಂಗೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿದರು, ಗಾಳಿ ತಿರುಗಲಿ ಎಂದು. ನಾಲ್ಕು ಕೊಡ ಸುಣ್ಣದ ನೀರು ಚೆಲ್ಲಿದರು. ಬೀಬ್ ಸಾಹೇಬರ ತಟ್ಟೆ, ಬೀಸಣಿಗೆ ಎರಡೂ ಇಲ್ಲೇ ಇವೆ ಎನ್ನಿಸಿತು. ನಮ್ಮಪ್ಪ ಇದನ್ನೇ ಮಾಡುತ್ತಿದ್ದ. ನಾನು ಅದನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಿ ಬೆರಗಾದೆ.

ಲಾಂದ್ರ ಇಳಿಸಿದರು. ಚೆನ್ನಾಗಿ ಉರಿಯಿತು. ಭಾವ ಇಳಿದ.

"ಎಷ್ಟು ನೀರೈತಿ ಅಂತ ಕೇಳ್ರಿ" ಎಂದೆ.

"ಎಷ್ಟು ನೀರೈತಿ ಅಂತ ಕೇಳ್ತಾರ!" ಮೌಲಾಸಾಬ್ ಬಗ್ಗಿ ಕೂಗಿದರು.

"ಮೊಳಕಾಲ್ಮಟ ಅಂತ ಹೇಳ್ರಿ ಅವರಿಗೆ."

"ಮೊಳಕಾಲ್ಮಟ ಅಂತ ಸಾರ್."

ನನಗೂ ಕೇಳಿಸುತ್ತಿತ್ತು. ಎಳೆಯುವ ನಾಲ್ವರೂ ನಗು ತಡೆದುಕೊಂಡಿದ್ದರು. ಆದರೂ ಮಾತು ನಿಲ್ಲಗೊಡಲಿಲ್ಲ. ಕೆಸರು ಎಷ್ಟು, ಮೋಟರು ಯಾವ ಕಡೆ ಬಿದ್ದಿದೆ — ಬೇಕಾದ್ದು ಬೇಡದ್ದು ಎಲ್ಲ ಕೇಳಿಸಿದೆ. ಭಾವ ಸಿಟ್ಟಿನಲ್ಲೇ ಉತ್ತರ ಕೊಡುತ್ತಿದ್ದ. ಆಮೇಲೆ ಕೊಕ್ಕೆ ಹಾಕಲು ಬಗ್ಗಿದ. ಕೆಸರು ಕಲಕುವ ಸದ್ದು. ಗುಳುಗುಳು ಎಂದು ಗುಳ್ಳೆ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದನಿ ಬಂತು. ಮೆಲ್ಲಗೆ, ಬಲು ಪ್ರೀತಿಯಿಂದ.

"ಶ್ರೀನಾಥಾ... ಊಟ ಆತೇನಪಾ? ನಾ ಅವತ್ತು ಅರ್ಧಕ್ಕ ಎದ್ದು ಬಂದ್ನೆಲ್ಲೋ..."

ಮೌಲಾಸಾಬ್ ಕಣ್ಣರಳಿಸಿದರು. "ಮಾತಾಡಿದ್ನಲ್ಲ ಸಾರ್! ಅಲ್ಲಾ ದೊಡ್ಡಾವ!" ಎಳೆಯುವವರು ಈಗ ಬಾಯಿಬಿಟ್ಟೇ ನಕ್ಕರು. ಎರಡು ವರ್ಷ ಆ ಮಾತಿಗೆ ಕಾದಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. 'ಆತು ಭಾವಾ' ಎನ್ನಲು ಬಾಯಿ ತೆರೆದೆ.

ಆಗ ಹೊಳೆಯಿತು. ಪಾಲಣ್ಣ ಇಷ್ಟು ಸಲೀಸಾಗಿ ಮಾತಾಡುವವನಲ್ಲ. ಜೀವ ಹೋದರೂ ತಾನಾಗಿ ಬಾಯಿ ಬಿಡುವವನಲ್ಲ. ಇದು ಅವನ ಮಾತಲ್ಲ, ಕೆಟ್ಟ ಗಾಳಿ ತಲೆಗೇರಿ ಆಡಿಸುತ್ತಿರುವ ಮಾತು.

"ಎಳೀರಿ!"

"ತಡೀರಿ ಸಾರ್, ಕೊಕ್ಕಿ ಹಾಕ್ಲಿ, ಇನ್ನೊಂದು ನಿಮಿಷ" ಎಂದರು ಹೊಲದ ಯಜಮಾನ ಪಾಲಾಕ್ಷಪ್ಪ. "ಲಾಂದ್ರ ಇನ್ನಾ ಉರಿಯಾಕತ್ತೈತಿ ನೋಡ್ರಿ!"

ನಿಜ. ನೀರಿನಿಂದ ಆಳೆತ್ತರದಲ್ಲಿ ತೂಗಿದ್ದ ಲಾಂದ್ರ ನೆಟ್ಟಗೆ ಉರಿಯುತ್ತಿತ್ತು. ಅದರ ಕೆಳಗೆ ಭಾವ ಕೆಸರಿಗೆ ಮುಖವಿಟ್ಟು ಬಗ್ಗಿದ್ದ.

"ಎಳೀರೋ!" ಎಂದು ಕಿರುಚಿ ನಾನೂ ಹಗ್ಗಕ್ಕೆ ಜೋತುಬಿದ್ದೆ. ಅರ್ಧ ಬರುವಷ್ಟರಲ್ಲಿ ಅವನ ಕತ್ತು ಜೋಲಿತು. "ಭಾವಾ! ಭಾವಾ!" ಎಂದು ಅವನು ಮೇಲೆ ಬರುವವರೆಗೆ ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ.

ಬೇವಿನ ಮರದ ಕೆಳಗೆ ಮಲಗಿಸಿದೆವು. ವಾಂತಿ ಮಾಡಿಕೊಂಡ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟ. ಮೌಲಾಸಾಬರ ಕಡೆ ತಿರುಗಿ, "ಯಾಕ ಎಳದ್ರು ಅಂತ ಕೇಳ್ರಿ" ಎಂದ.

"ಮಾತು ಕೆಟ್ಟಿತ್ತು ಅಂತ ಹೇಳ್ರಿ."

"ನಾ ಏನು ಮಾತಾಡಿದ್ನಂತ?"

ಮೌಲಾಸಾಬ್ ಇಬ್ಬರ ಮುಖವನ್ನೂ ನೋಡಿದರು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. "ಏನೋ ಬಿಡಪಾ, ತಿಳೀಲಿಲ್ಲ" ಎಂದರು.

ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತೆ. ನಾಗರತ್ನ ಬಿಸಿನೀರು ಇಟ್ಟು ಬಾಗಿಲು ಮುಂದೆ ಮಾಡಿದಳು.

30 ಮಾರ್ಚ್

ಓಣಿಯವರೆಲ್ಲ ಸಂಜೆ ಮಾಳಿಗೆ ಹತ್ತಿ ಧೂಮಕೇತು ನೋಡುತ್ತಿದ್ದಾರೆ. 'ಬಾಲ ಯಾಕೈತಿ ಸಾರ್?' ಎಂದು ನೂರು ಸಲ. ನಾನು ಮೇಲೆ ನೋಡುವ ಸ್ಥಿತಿಯಲ್ಲಿಲ್ಲ. ಸ್ವಿಸ್ ವಿಜ್ಞಾನಿ ಪಿಕಾರ್ಡ್, ಅಪ್ಪಮಗ ಇಬ್ಬರಲ್ಲಿ ದೊಡ್ಡವನು, ಮೊದಲು ಬಲೂನು ಕಟ್ಟಿ ಆಕಾಶಕ್ಕೆ ಹೋದ, ಆಮೇಲೆ ಅದೇ ಲೆಕ್ಕದಲ್ಲಿ ಸಮುದ್ರಕ್ಕೆ ಇಳಿಯುವ ನೌಕೆ ಕಟ್ಟಿದ. ನನ್ನದು ಮೇಲೂ ಇಲ್ಲ, ಕೆಳಗೂ ಇಲ್ಲ. ಭಾಷಣ ಹರಿದು ಹಾಕಿದೆ.

8 ಏಪ್ರಿಲ್, ಯುಗಾದಿ. ಚಿಗಟೇರಿ

ಹೇಳದೆ ಕೇಳದೆ ಬಂದೆವು. ಅಕ್ಕ ಬಾಗಿಲಲ್ಲೇ ನಾಗರತ್ನಳ ಕೈಯಿಂದ ಮಗಳನ್ನು ಎತ್ತಿಕೊಂಡಳು. ಭಾವ ಒಳಗೆ ಉಣ್ಣಲು ಕೂತಿದ್ದ. ಎದ್ದುಹೋಗುತ್ತಾನೋ ಎಂದು ಭಯ. ನಾನು ಎದುರಿಗೇ ಕೂತೆ.

"ಭಾವಾ, ಲಾಂದ್ರ ನಂಬಬಾರ್ದು ಅಂದಿದ್ದಿ. ನೀ ಹೇಳಿದ್ದು ಖರೆ ಇತ್ತು. ನಾ ಅಂದದ್ದು ತಪ್ಪಾತು. ಕಪ್ಪಿ ಅಂದದ್ದಂತೂ ಭಾಳ ತಪ್ಪಾತು."

ರಾತ್ರಿಯೆಲ್ಲ ತಯಾರು ಮಾಡಿದ್ದು ಇನ್ನೂ ಉದ್ದವಿತ್ತು. ಬರಲಿಲ್ಲ.

ಭಾವ ತುತ್ತು ನುಂಗಿದ. ಅಕ್ಕನ ಕಡೆ ನೋಡಿ, "ಮೇಷ್ಟ್ರಿಗೆ ಹೋಳಿಗಿ ಹಾಕು, ತುಪ್ಪ ಜಾಸ್ತಿ ಬಿಡು" ಎಂದ. ಎಲೆ ಪೂರ್ತಿ ಮುಗಿಸಿದ ಮೇಲೆ ನನ್ನ ಕಡೆ ತಿರುಗಿದ. "ಸಮುದ್ರದ್ದು ಏನೋ ಬರದೀಯಂತಲ್ಲ. ಹೇಳು, ಕೇಳೂಣು."

ಹೇಳಿದೆ. ಉಕ್ಕಿನ ಗುಂಡು, ಬೀಸಣಿಗೆ, ಸುಣ್ಣ, ಮೇಲೆ ಫೋನು ಹಿಡಿದು ಕೂತವಳು. ತಲೆಯಾಡಿಸುತ್ತ ಕೇಳಿದ. ಎಲ್ಲರಿಗಿಂತ ಆಳಕ್ಕೆ ಹೋದವರದು ಬಂತು. 1960ರಲ್ಲಿ ಚಿಕ್ಕ ಪಿಕಾರ್ಡ್ ಮತ್ತು ವಾಲ್ಶ್, ಸುಮಾರು ಹನ್ನೊಂದು ಕಿಲೋಮೀಟರು. ಇಳಿಯುವುದಕ್ಕೇ ಐದು ತಾಸು ಹತ್ತಿರ. ನಡುದಾರಿಯಲ್ಲಿ ಕಿಟಕಿಯ ಗಾಜು ಢಬ್ಬೆಂದು ಬಿರಿದರೂ ನಿಲ್ಲಲಿಲ್ಲ. ತಳದಲ್ಲಿ ಇಪ್ಪತ್ತೇ ನಿಮಿಷ. ಹಗ್ಗವೂ ಇಲ್ಲ, ಭಾರಕ್ಕೆ ತುಂಬಿದ್ದ ಕಬ್ಬಿಣದ ಸಣ್ಣ ಗುಂಡುಗಳನ್ನು ಕೆಳಗೆ ಸುರಿದು ಹಗುರಾಗಿ ಮೇಲೆ ಬಂದರು.

"ಹಗ್ಗ ಇಲ್ಲದ?" ಭಾವನ ಕೈ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿತು. "ಮತ್ತ ಮ್ಯಾಲಿನವರ ಕೂಡ ಮಾತು?"

"ನೀರಾಗ ದನಿ ಹೋಗೂ ಹಂಗ ಒಂದು ಫೋನು ಇತ್ತು. ತಳ ಮುಟ್ಟಿದ್ದು ಹಡಗಿಗೆ ಕೇಳಿಸ್ತು."

"ಮಾತಾದ್ರೂ ಇತ್ತಲ್ಲ, ಬಿಡು" ಎಂದ. ಆಮೇಲೆ, "ಮೊದ್ಲಿನ ಗುಂಡಿಗೆ ಮ್ಯಾಲ ಕುಂತಿದ್ದ ಆ ಹೆಣ್ಮಗಳ ಸುದ್ದಿ ಏನು ಬರದೀ?"

"ಒಂದು ಸಾಲು."

"ಒಂದಽ?"

ಭಾವ ಎಲೆಗೆ ಸುಣ್ಣ ಹಚ್ಚಿದ. "ನೀ ಎಂದಾರ ಬಾವಿ ಇಳದೀಯೇನು?"

"ಇಲ್ಲ. ಅಪ್ಪ ಬಿಡ್ಲಿಲ್ಲ."

"ಹಂಗಾರ ರೇಡಿಯೋಕ್ಕ ಹೋಗಾಕ ಮುಂಚಿ ಒಮ್ಮೆ ಇಳಿ. ಊರಿಗೆಲ್ಲ ಹೇಳಾಂವ ಅದೀ."

13 ಏಪ್ರಿಲ್, ಭಾನುವಾರ. ಚಿಗಟೇರಿ, ಬೆಳಿಗ್ಗೆ 7

ಬೊಮ್ಮಪ್ಪನವರ ಹೊಲ. ಬಾವಿಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಲವತ್ತು ಅಡಿ. ಭಾವ ಮೊದಲು ತಾನೇ ಇಳಿದು ಕೆಸರು ಕಲಕಿ, ಮೇಲೆ ಬಂದು, ಗಾಳಿ ತಿರುಗಲಿ ಎಂದು ಒಂದು ತಾಸು ಕಾಯಿಸಿದ. ಲಾಂದ್ರವನ್ನು ನೀರು ಮುಟ್ಟುವವರೆಗೂ ಬಿಟ್ಟು ನೋಡಿದ. ಮೌಲಾಸಾಬ್ ಕೂಡ ಬಂದಿದ್ದಾರೆ. ಮಾತು ಸಾಗಿಸುವ ಕೆಲಸ ಹೋಯಿತಲ್ಲ ಎಂದು ಬೇಜಾರಂತೆ.

ಭಾಷಣ ಹೊಸದಾಗಿ ಬರೆದಿದ್ದೇನೆ. ಹಡಗಿನ ಮೇಲೆ ಫೋನು ಹಿಡಿದು ಕೂತ ಗ್ಲೋರಿಯಾಳಿಂದ ಶುರು. ನಾಡಿದ್ದು ರೆಕಾರ್ಡಿಂಗ್.

ಹೆದರಿಕೆಯಾಗಿದೆ. ಬರೆದುಬಿಡುತ್ತೇನೆ, ಯಾರು ಓದುವವರು. ಕೆಳಗೆ ನೋಡಿದೆ. ತಳ ಕಾಣಿಸಲಿಲ್ಲ. ಅಪ್ಪ ದಿನಾ ಇಂಥದ್ದರೊಳಗೆ ಹೋಗಿ ನನ್ನ ಫೀಸು ಕಟ್ಟಿದ.

ಭಾವ ಗಂಟು ಬಿಗಿದ, ಎರಡು ಸಲ ಜಗ್ಗಿ ನೋಡಿದ. ಹಗ್ಗದ ತುದಿಯನ್ನು ತನ್ನ ಕೈಗೆ ಸುತ್ತಿಕೊಂಡ. ಪದ್ಧತಿ ಉಲ್ಟಾ ಆಯಿತು ಎಂದು ಅಕ್ಕ ನಕ್ಕಳು. ನಗುತ್ತಲೇ ಬಂದು ಹಗ್ಗಕ್ಕೆ ತಾನೂ ಕೈ ಹಚ್ಚಿದಳು.

"ಮಾತು ನಿಲ್ಲಿಸಬ್ಯಾಡ ನೋಡು. ನಿಲ್ಲಿಸಿದೀ ಅಂದ್ರ ಎಳದಽ ಬಿಡ್ತೀನಿ" ಎಂದ ಭಾವ.

"ಏನು ಮಾತಾಡ್ಲಿ?"

ಬಾವಿಯ ಕಡೆಗೇ ನೋಡುತ್ತಿದ್ದ. ಮೀಸೆಯ ಕೆಳಗೆ ಒಂದಿಷ್ಟು ನಗು.

"ಊಟ ಆತೇನಪಾ ಅಂತ ಕೇಳು" ಎಂದ.

ಹಾಗಾದರೆ ಅವತ್ತು ಕೆಳಗೆ ಆಡಿದ್ದು ಭಾವನಿಗೆ ಪೂರ್ತಿ ನೆನಪು —

ಕರೆಯುತ್ತಿದ್ದಾನೆ.