ಮೂರು ಸಲ ಊದಿದ್ದು

ಮಾರ್ಚ್ 3, ಬೆಳಿಗ್ಗೆ 6.10

ಊದಿದೆ. 330, 290, 260. ಚಾರ್ಟಿಗೆ 260 ಬರೆದೆ. ಹಲ್ಲುಜ್ಜುವ ಮೊದಲೇ ಉಸಿರಿನ ಬಲ ಅಳೆಯುವ ಈ ಪ್ಲಾಸ್ಟಿಕ್ ಕೊಳವೆಗೆ ಬಾಯಿ ಕೊಡಬೇಕು. ಸಂಜೆ ಮತ್ತೆ ಮೂರು ಸಲ. ಶ್ವಾಸಕೋಶದ ಡಾಕ್ಟರಮ್ಮನ ಅಪ್ಪಣೆ. ತಿಂಗಳ ಕೊನೆಗೆ ಚಾರ್ಟ್ ನೋಡಿ, ತೂಕ ಇಳಿಸುವ ಆಪರೇಷನ್ನಿಗೆ ನಾನು ಅರ್ಹಳೋ ಅಲ್ಲವೋ ಅಂತ ಆಸ್ಪತ್ರೆಯ ಕಮಿಟಿ ಹೇಳುತ್ತದಂತೆ.

ನನ್ನ ಬಿಎಂಐ 37. ಅದು ನಲವತ್ತು ಮುಟ್ಟದವರಿಗೆ ಆಪರೇಷನ್ ಬೇಕಾದರೆ ಜೊತೆಗೊಂದು ಕಾಯಿಲೆ ಇರಬೇಕು. ಇದೆ, ಅಸ್ತಮಾ. ಆದರೆ ಅದು ಹಿಡಿತದಲ್ಲಿರಬೇಕು, ಇಲ್ಲದಿದ್ದರೆ ಅರಿವಳಿಕೆ ಕೊಡುವುದಿಲ್ಲ. ಮನೆಯಲ್ಲಿ ಇರಲೂ ಬೇಕು, ತಲೆ ಎತ್ತಲೂ ಬಾರದು. ಹೊಸ ಸೊಸೆಯ ಹಾಗೆ!

ಮಾರ್ಚ್ 9, ಸಂಜೆ

260. ಇವತ್ತೂ.

ನಾನು ಕೂತು ಲಾರಿ ತೂಗುವ ತೂಕಸೇತುವೆಯ ಕ್ಯಾಬಿನ್ನಿಗೆ ಎಂಟು ಮೆಟ್ಟಿಲು. ಐದನೆಯದರಲ್ಲಿ ನಿಂತೆ. ಲಾರಿ ಡ್ರೈವರ್ ಒಬ್ಬ ಕೆಳಗಿನಿಂದ ಕೂಗಿದ. "ಮೇಡಂ, ನಿಮ್ಮನ್ನೂ ನನ್ನ ಲೋಡಿಗೆ ಸೇರಿಸ್ಬಿಟ್ಟೀರಾ ಮತ್ತೆ!" ಉಸಿರು ಸಿಗುವವರೆಗೆ ಕಾದು ಹೇಳಿದೆ, "ನಿನ್ನ ಲಾರಿ ಹಾಗಿರ್ಲಿ, ನಾಲಿಗೆ ಒಂದನ್ನೇ ತೂಗಿದ್ರೂ ಓವರ್‌ಲೋಡು."

ಮನೆಗೆ ಬಂದರೆ ನಾದಿನಿ. "ಬಾಯಿ ಕಟ್ಟಿದ್ರೆ ಸಾಕಿತ್ತಲ್ಲ ಅತ್ತಿಗೆ, ಹೊಟ್ಟೆ ಯಾಕೆ ಕುಯ್ಯಿಸ್ಕೋಬೇಕು?" ಎರಡು ಸಲ ಬಾಯಿ ಕಟ್ಟಿದ್ದೇನೆ. ಎರಡು ಸಲವೂ ಹದಿನಾಲ್ಕು ಕೆಜಿ ಇಳಿಸಿದ್ದೇನೆ. ಆಮೇಲೆ ಉಬ್ಬಸ ಬಂತು, ಸ್ಟೀರಾಯ್ಡ್ ಮಾತ್ರೆ ಬಂತು, ಮಾತ್ರೆಯ ಹಿಂದೆಯೇ ಹಸಿವು. ಇಳಿದದ್ದೆಲ್ಲ ವಾಪಸ್, ಮೇಲೆ ಎರಡು ಕೆಜಿ ಜಾಸ್ತಿ. ತೂಕ ಹೆಚ್ಚಿದಷ್ಟೂ ಉಬ್ಬಸ. ಈ ಗಾಣದಿಂದ ಬಿಡಿಸಿಕೊಳ್ಳಬೇಕು ನನಗೆ. ಚಂದ ಕಾಣುವ ಆಸೆಯಿಂದಲ್ಲ. ಉಸಿರು ಬೇಕು, ಅಷ್ಟೇ. ಅವಳಿಗೆ ಇದನ್ನೆಲ್ಲ ಹೇಳಲಿಲ್ಲ. "ಕುಯ್ಯಿಸ್ಕೊಳ್ಳೋದು ನನ್ನ ಹೊಟ್ಟೆ" ಅಂದೆ.

ಏಪ್ರಿಲ್ 2

ಮುಂದೂಡಿದ್ದಾರೆ. "ಅಸ್ತಮಾ ಹಿಡಿತದಲ್ಲಿಲ್ಲ." ಒಂದೇ ಸಾಲು.

ಮನೆಯಲ್ಲಿ ಇವರು ಕಾಗದ ಓದಿ ಮಡಿಸಿಟ್ಟರು. "ಒಳ್ಳೇದೇ ಆಯ್ತು ಬಿಡು." ಯಾರಿಗೆ ಒಳ್ಳೆಯದು? ಬಚ್ಚಲಿಗೆ ಹೋಗಿ ಅತ್ತೆ. ಅತ್ತಿದ್ದಕ್ಕೇ ಎದೆ ಸಿಳ್ಳೆ ಹೊಡೆಯತೊಡಗಿತು. ಅಳುವುದಕ್ಕೂ ಅರ್ಹತೆ ಇಲ್ಲ.

ಏಪ್ರಿಲ್ 4, ಮಧ್ಯಾಹ್ನ

ಡಾಕ್ಟರಮ್ಮನ ಹತ್ತಿರ ಜಗಳಕ್ಕೇ ಹೋದೆ. ಮತ್ತೆ ಊದಿಸಿದರು. 340.

"ನನ್ನೆದುರು 340 ಬರತ್ತೆ. ಮನೇಲಿ ಯಾವಾಗ್ಲೂ 260 ಯಾಕಮ್ಮ?"

"ಮೂರರಲ್ಲಿ ಕಡಿಮೇದು ಬರೀತೀನಲ್ಲ."

"ಕಡಿಮೇದಾ? ಯಾರು ಹೇಳಿದ್ರು?"

ಯಾರೂ ಹೇಳಿಲ್ಲ. ಹದಿನಾರು ವರ್ಷದ ಅಭ್ಯಾಸ. ಲಾರಿ ಬಂದು ನಿಂತ ಮೇಲೂ ಪರದೆಯ ಮೇಲೆ ಅಂಕಿ ಅಲುಗಾಡುತ್ತದೆ. ಮೂರು ಸಲ ನೋಡು, ಕಡಿಮೆಯದನ್ನೇ ಬರೆ, ಅದು ತೂಕಸೇತುವೆಯ ಮಾಲೀಕರ ಕಾಯಿದೆ. ಕೈ ತಾನಾಗಿಯೇ ಅದನ್ನೇ ಬರೆದಿದೆ.

ಡಾಕ್ಟರಮ್ಮ ಮೇಜಿಗೆ ಹಣೆ ಇಟ್ಟು ನಕ್ಕರು. "ಇದ್ರಲ್ಲಿ ಜಾಸ್ತಿದು ಬರೀಬೇಕಮ್ಮ! ನಿಮ್ಮ ಕೈಲಾಗೋದ್ರಲ್ಲಿ ಜಾಸ್ತಿದು!"

ನನಗೆ ನಗು ಬರಲಿಲ್ಲ. ಒಂದಿಡೀ ತಿಂಗಳು ನನ್ನನ್ನು ನಾನೇ ಕಡಿಮೆ ಬರೆದುಕೊಂಡಿದ್ದೇನೆ. ಮೈಯೆಲ್ಲ ಉರಿಯಿತು. ಇನ್ನೊಂದು ತಿಂಗಳ ಚಾರ್ಟ್ ಬೇಕಂತೆ. ಕೊಡುತ್ತೇನೆ. ಕೊಳವೆ ಸೀಳುವ ಹಾಗೆ ಊದುತ್ತೇನೆ.

ಏಪ್ರಿಲ್ 15

340. 350. ಉಬ್ಬಸದ ಔಷಧಿಯ ಪಂಪ್ ಎರಡು ಹೊತ್ತೂ ತಪ್ಪಿಸಿಲ್ಲ. ನಾದಿನಿ ಬಂದಿದ್ದಳು, ನಾನು ಮಾತಾಡಲಿಲ್ಲ. ಉಸಿರು ಉಳಿತಾಯ.

ಏಪ್ರಿಲ್ 27, ಸಂಜೆ 7.30

ಇನ್ನು ಒಂದು ವಾರ ಇತ್ತು... ಒಂದೇ ವಾರ.

ನಾಲ್ಕು ಗಂಟೆಗೆ ತೂಕಸೇತುವೆಯ ಮೇಲೇ ಲಾರಿಯಿಂದ ಸಿಮೆಂಟಿನ ಮೂರು ಚೀಲ ಬಿದ್ದು ಒಡೆದವು. ಕಿಟಕಿ ಮುಚ್ಚುವಷ್ಟರಲ್ಲಿ ಕ್ಯಾಬಿನ್ ತುಂಬ ಧೂಳು. ಮನೆಗೆ ಹೇಗೆ ಬಂದೆನೋ. 190, 210, 200. ಜಾಸ್ತಿಯದೇ 210.

ಇವರು ಹಿಂದೆ ಬಂದು ನಿಂತರು. ಚಾರ್ಟ್ ನೋಡಿದರು. "ಇಷ್ಟು ದಿನ ಚೆನ್ನಾಗಿದೆಯಲ್ಲ. ಇದೊಂದನ್ನ 310 ಅಂತ ಹಾಕು. ಯಾರು ನೋಡ್ತಾರೆ?"

ಮೊದಲ ಸಲ ನನ್ನ ಪರ ನಿಂತರು, ಅದೂ ಕಳ್ಳದಾರಿಯಲ್ಲಿ. ಸಿಟ್ಟೂ ಬಂತು, ಪ್ರೀತಿಯೂ ಬಂತು.

ಬರೆಯಬಹುದು. ಪೆನ್ನು ಕೈಯಲ್ಲೇ ಇತ್ತು. ಆದರೆ ನನ್ನನ್ನು ಮಲಗಿಸಿ ಅರಿವಳಿಕೆ ಕೊಡುವವರಿಗೆ ಈ ಎದೆಯೊಳಗೆ ಏನಿದೆ ಅಂತ ಗೊತ್ತಿರಬೇಕು. 210 ಅಂತಲೇ ಬರೆದೆ, ದಪ್ಪಗೆ. ಬೇಡ ಅನ್ನಲಿ. ಮೇ ತಿಂಗಳೂ ಊದುತ್ತೇನೆ, ಜೂನ್ ತಿಂಗಳೂ ಊದುತ್ತೇನೆ.

ಹೇಳಿಕೊಟ್ಟ ಹಾಗೆ ಪಂಪ್ ತೆಗೆದುಕೊಂಡೆ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

8.15 — 270.

ಏಪ್ರಿಲ್ 29

330. ಹೂಂ.

ಮೇ 6, ಮಧ್ಯಾಹ್ನ 12.20, ಆಸ್ಪತ್ರೆಯ ಕಾರಿಡಾರ್

ಒಳಗಿಂದ ಈಗ ಬಂದೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮೇಜಿನಾಚೆ ಮೂವರು ಡಾಕ್ಟರುಗಳು. ಈಚೆ ನಾನು, ಪಕ್ಕದಲ್ಲಿ ಇವರು. ಅರಿವಳಿಕೆ ಡಾಕ್ಟರ್ 27ನೇ ತಾರೀಖಿನ ಮೇಲೆ ಬೆರಳಿಟ್ಟರು. ಇವರು ಕೆಮ್ಮಿದರು.

"ಇದೇನಿದು?"

"ಧೂಳು ಸಾರ್." ಪಂಪ್, ಫೋನ್, ಎಂಟೂ ಕಾಲರ 270, ಎಲ್ಲ ಹೇಳಿದೆ.

"ಇಷ್ಟು ವರ್ಷ ಹೀಗೇ ನಡೀತಲ್ಲ. ಈಗ್ಯಾಕೆ ಆಪರೇಷನ್?"

"ನಡೀಲಿಲ್ಲ ಸಾರ್. ನಿಂತು ನಿಂತು ಬಂದೆ."

ಚಾರ್ಟನ್ನು ಉಳಿದಿಬ್ಬರ ಕಡೆ ತಳ್ಳಿದರು. "ಈ 210 ಇರೋದಕ್ಕೇ ಉಳಿದಿದ್ದನ್ನೂ ನಂಬ್ತೀನಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಹದಿನಾಲ್ಕನೇ ತಾರೀಖು ಖಾಲಿ ಇದೆ. ಬರ್ತೀರಾ?"

ಬರ್ತೀನಿ ಅಂದೆ. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ, ಜೋರಾಗಿ.

ಹೆದರಿಕೆ ಇದೆ, ಇಲ್ಲ ಅನ್ನುವುದಿಲ್ಲ. ಹೆದರಿಕೊಂಡೇ ಹೋಗುತ್ತೇನೆ. ಇವರು ಬೆಂಚಿನ ಆ ತುದಿಯಿಂದ ಕೇಳುತ್ತಿದ್ದಾರೆ, ಎಷ್ಟು ದಿನ ರಜೆ ಹಾಕಬೇಕು ಅಂತ. ನನ್ನ ರಜೆ ಆಗಲೇ ಕೇಳಿದ್ದೇನೆ ಅಂದೆ.

"ನಿಂದಲ್ಲ ಕಣೇ, ನಂದು. ಜೊತೇಲಿರೋಕೆ."

ಅದಕ್ಕೆ ನಾನು, "ಮೂರು ಸಲ ಲೆಕ್ಕ ಹಾಕಿ, ಜಾಸ್ತಿದು ಬರೀರಿ" ಅಂದೆ.