ಮಡಚಿದ ಮೊಣಕೈ

ಜನವರಿ 30, ಗುರುವಾರ. ಬೆಳಿಗ್ಗೆ 8.15

ಇಪ್ಪತ್ತೆರಡನೇ ಬಾಲಿಗೇ ಹೆಗಲು ಹಿಡಿಯಿತು. ಮೊನ್ನೆ ಇಪ್ಪತ್ತಾರರವರೆಗೆ ಬಂದಿತ್ತು. ಜಟ್ಟೆಪ್ಪನಿಗೆ ಹೇಳಲಿಲ್ಲ. ಶೂ ಲೇಸ್ ಬಿಚ್ಚಿದೆ ಎಂದು ಕುಳಿತೆ. ಅವನು ನಮ್ಮ ಬೇಸ್‌ಬಾಲ್ ಟೀಮಿನ ಕ್ಯಾಚರ್. ಹದಿಮೂರು ವರ್ಷದಿಂದ ನಾನು ಎಸೆದದ್ದನ್ನೆಲ್ಲ ಹಿಡಿದವನು. ಬೇಕರಿಯ ಭಟ್ಟಿ ಮುಂದೆ ನಿಂತು ನಿಂತು ಕಣ್ಣು ಸಣ್ಣಗಾಗಿವೆ, ಆದರೆ ಅವಕ್ಕೆ ಕಾಣದ್ದು ಏನೂ ಇಲ್ಲ.

"ಈಗೀಗ ನಿನ್ನ ಲೇಸ್ ಭಾಳ ಬಿಚ್ಚಾಕತ್ತಾವಲೇ ಆಕಾಶ್ಯಾ," ಅಂದ.

ಚಹಾ, ಎರಡು ಬನ್, ಅಂಗಡಿ. ಸಂಪಗಾಂವದಿಂದ ಮೂರು ಸುಟ್ಟ ಮೋಟರ್ ಬಂದು ಕುಳಿತಿವೆ. ಒಳಗಿನ ತಂತಿ ಮತ್ತೆ ಸುತ್ತುವ ರಿವೈಂಡಿಂಗ್‌ಗೆ ಹೆಗಲು ಬೇಡ, ಬೆರಳು ಸಾಕು. ಅಷ್ಟಾದರೂ ಪುಣ್ಯ.

ಫೆಬ್ರವರಿ 2, ರವಿವಾರ. ರಾತ್ರಿ

ಕಿತ್ತೂರಿನವರ ಜೊತೆ ಪ್ರಾಕ್ಟೀಸ್ ಮ್ಯಾಚ್. ಮೂರು ಇನ್ನಿಂಗ್ಸ್ ರಾಜನ ಹಾಗೆ ಎಸೆದೆ. ನಾಲ್ಕನೆಯದರಲ್ಲಿ ಐದು ಜನ ಬ್ಯಾಟು ಬೀಸದೆಯೇ ಬೇಸಿಗೆ ನಡೆದುಹೋದರು.

ಸ್ನೇಹಲ್ ಮಗಳನ್ನು ಕರೆದುಕೊಂಡು ನೋಡಲು ಬಂದಿದ್ದಳು — ಇವತ್ತೇ ಬರಬೇಕೇ. ಮದುವೆಯಾಗಿ ಹತ್ತು ವರ್ಷಕ್ಕೆ ಮೊದಲ ಸಲ ಆಟದ ಬಗ್ಗೆ ಕೇಳಿದಳು.

"ರೀ, ಅವರೆಲ್ಲಾ ಹೊಡೀಲಾರದನ ಯಾಕ ನಡಕೋತ ಹ್ವಾದ್ರು?"

"ಪಿಚರ್ ಒಗದ ನಾಕ ಬಾಲ್ ಗುರಿ ಬಿಟ್ಟ ಹೊರಗ ಹ್ವಾದ್ರ ಅವರಿಗೆ ಬಿಟ್ಟಿ ಬೇಸ್ ಸಿಗತೈತಿ."

"ಪಿಚರ್ ಅಂದ್ರ ನೀವಽ ಅಲ್ರಿ?"

"ಹೌದ."

ಎಂಟು ವರ್ಷದ ಪ್ರಜ್ಞಾ ಸಮಾಧಾನ ಮಾಡಿದಳು. "ಪಪ್ಪಾ, ನೀವು ಎಲ್ಲಾರ್ನೂ ಭಾಳ ಚೊಲೋತ್ನ್ಯಾಗ ಒಳಗ ಬಿಟ್ಟ್ರಿ."

ಸಂಜೆ ನಿಜಗುಣಪ್ಪ ಸರ್ ಮನೆಗೆ ಹೋದೆ. ಟೀಮ್ ಕಟ್ಟಿದವರೇ ಅವರು. ರಿಟೈರ್ ಆದ ಮೇಲೂ ನಮ್ಮ ಕೋಚ್. ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ. ಒಂದು ತಿಂಗಳು ಬಿಸಿಲಿಗೆ ಬರುವಂತಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ರೇಡಿಯೋ ಕೇಳುತ್ತಿದ್ದರು.

"ರಾಮದುರ್ಗದ ಟೂರ್ನಮೆಂಟ್ ಇಪ್ಪತ್ತಮೂರಕ್ಕ. ಹದಿನಾಕಕ್ಕ ಹದಿನಾರ ಹೆಸರ ಕಳಸಬೇಕು. ಪಿಚರ್ ಇಬ್ಬರಽ. ಎಡಗೈ ಕಾಂತೇಶ ಒಬ್ಬ, ಅವನ್ನ ಮುಟ್ಟಬ್ಯಾಡ. ಇನ್ನೊಬ್ಬನ್ನ ನೀನಽ ಆರಸು. ನನಗ ಕಾಣಂಗಿಲ್ಲ, ನಿನಗ ಕಾಣತೈತಿ."

"ನನ್ನ ಹೆಸರಽ ಬರದ್ರ?"

"ನಾ ಯಾಕ ಬ್ಯಾಡ ಅನ್ನಲಿ?"

ಮೂವತ್ತಾರು ನನಗೆ. ಈ ಸಲ ಬಿಟ್ಟರೆ ಇನ್ನೊಂದು ಸಲ ಅನ್ನುವುದಿಲ್ಲ, ಗೊತ್ತು. ಬೈಲಹೊಂಗಲದಲ್ಲಿ ನನ್ನನ್ನು ಮೋಟರ್ ಆಕಾಶ ಅನ್ನುವವರು ಸಾವಿರ ಜನ. ಪಿಚರ್ ಆಕಾಶ ಅನ್ನುವವರು ಮೂವತ್ತೋ ನಲವತ್ತೋ. ಆ ಮೂವತ್ತೋ ನಲವತ್ತೋ ಜನವೇ ನನಗೆ ಬೇಕು.

ಫೆಬ್ರವರಿ 4, ಮಂಗಳವಾರ. ಬೆಳಿಗ್ಗೆ

ಜಟ್ಟೆಪ್ಪ ಹೊಸಬನೊಬ್ಬನನ್ನು ಕರೆತಂದ. ಅಬ್ರಾರ, ಇಪ್ಪತ್ತೆರಡು ವರ್ಷ. ತನ್ನ ಅಪ್ಪ ಬುಡನಸಾಬರ ಟೆಂಪೋವನ್ನು ಅವನೇ ಓಡಿಸುತ್ತಾನೆ. ನನ್ನ ಅಂಗಡಿಗೆ ಮೋಟರ್ ತರುವುದೂ ಅದೇ ಗಾಡಿ. ಉದ್ದ ಕೈ, ಕಡಿಮೆ ಮಾತು.

ಕ್ರಿಕೆಟ್‌ನಲ್ಲಿ ಫಾಸ್ಟ್ ಬೌಲರ್ ಆಗಿದ್ದನಂತೆ. ಎರಡು ವರ್ಷದ ಹಿಂದೆ ಮುನವಳ್ಳಿಯ ಟೆನಿಸ್ ಬಾಲ್ ಮ್ಯಾಚಿನಲ್ಲಿ ಅಂಪೈರ್ ಒಂದೇ ಓವರಿಗೆ ಆರು ನೋಬಾಲ್ ಕೊಟ್ಟ. ಬೌಲಿಂಗ್ ಮಾಡುವಾಗ ಕೈ ನೆಟ್ಟಗಿರಬೇಕು, ಇವನು ಮೊಣಕೈ ಮಡಚಿ ಎಸೆಯುತ್ತಾನೆ ಎಂದು. ಮೈಕ್ ಹಿಡಿದವನಿಗೆ ಅಷ್ಟೇ ಬೇಕಾಗಿತ್ತು, ಊರಿಗೆಲ್ಲ ಕೇಳಿಸಿದ. ಅವತ್ತಿನಿಂದ ನೇಸರಗಿಯಿಂದ ಸವದತ್ತಿಯವರೆಗೆ ಯಾವ ಟೀಮೂ ಕರೆದಿಲ್ಲ.

ನಮ್ಮಲ್ಲಿ ಹನ್ನೆರಡು ಬಾಲ್ ಹಾಕಿದ. ಕೈ ಕೋಲಿನಂತೆ ನೆಟ್ಟಗೆ. ಒಂದೊಂದು ಬಾಲೂ ಮದುವೆ ಊಟ ಮುಗಿಸಿ ಬಂದಂತೆ ನಿಧಾನ. ಎರಡು ಗುರಿಗೆ ಬಂದವು, ಉಳಿದವು ನೆಲಕ್ಕೆ. ಜಟ್ಟೆಪ್ಪ ಆಕಳಿಸಿದ.

"ಇರಲಿ, ಬರತಿರು," ಅಂದೆ ದೊಡ್ಡ ಮನಸ್ಸಿನಿಂದ. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು. ಅಂಗಡಿಯವರೆಗೂ ಸಿಳ್ಳೆ ಹಾಕಿಕೊಂಡು ಹೋದೆ.

ಫೆಬ್ರವರಿ 5, ಬುಧವಾರ

ಮಂಗಗಳ ಹಾವಳಿ. ಒಂದು ದಢೂತಿ ಮಂಗ ನನ್ನ ಟಿಫಿನ್ ಡಬ್ಬಿ ಎತ್ತಿಕೊಂಡು ಎದುರಿನ ಬೇವಿನ ಮರ ಏರಿತು. ನಾನು ಹುಶ್ ಹುಶ್ ಅಂದೆ. ಅದು ಮುಚ್ಚಳ ತೆಗೆಯುತ್ತ ನನ್ನನ್ನೇ ನೋಡಿತು.

ಅಬ್ರಾರ ಟೆಂಪೋದಿಂದ ಮೋಟರ್ ಇಳಿಸುತ್ತಿದ್ದ. ಕಾಲ ಬಳಿ ಬಿದ್ದಿದ್ದ ಹಳೇ ಬೇರಿಂಗ್ ಎತ್ತಿ ಬೀಸಿದ. ಮಂಗಕ್ಕಲ್ಲ, ಅದು ಕುಳಿತ ಕೊಂಬೆಗೆ, ಬಾಲದಿಂದ ಒಂದು ಗೇಣು ಆಚೆ. ಟಕ್ ಅಂತ ಸದ್ದು. ಡಬ್ಬಿ ಕೆಳಗೆ ಬಿತ್ತು.

"ಮಂಗಕ್ಕಽ ಹೊಡೀಬೇಕಿತ್ತಲ್ಲೋ."

"ಹಸದಿತ್ತರಿ ಅಣ್ಣಾ, ಪಾಪ."

ನನಗೆ ಮಂಗವೂ ಬೇಡ, ಡಬ್ಬಿಯೂ ಬೇಡ. ಆ ಕೈ ನೋಡಿದ್ದೆ. ಮೊಣಕೈ ಪೂರ್ತಿ ಮಡಚಿ ಕಿವಿಯ ಹಿಂದೆ ಹೋಗಿ, ಚಾಟಿ ಬಿಚ್ಚಿದಂತೆ ಬಿಚ್ಚಿತು. ಕೊನೆಗೆ ಮಣಿಕಟ್ಟಿನ ಒಂದು ಏಟು. ಇಪ್ಪತ್ತೆರಡರಲ್ಲಿ ನನಗೂ ಇಂಥ ಕೈ ಇರಲಿಲ್ಲ.

ಇದನ್ನೇ ಮೈದಾನದಲ್ಲಿ ಮುಚ್ಚಿಡುತ್ತಿದ್ದಾನೆ. ನಮ್ಮ ಆಟದಲ್ಲೂ ಕೈ ಮಡಚುವುದು ತಪ್ಪು ಅಂದುಕೊಂಡಿದ್ದಾನೆ! ಇಲ್ಲಿ ಮಡಚದಿದ್ದರೆ ಪಿಚರ್ರೇ ಅಲ್ಲ ಎಂದು ಯಾರೂ ಅವನಿಗೆ ಹೇಳಿಲ್ಲ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿಗೆ ಬಂದಿತ್ತು ಕೂಡ.

ಹೇಳಲಿಲ್ಲ. ಡಬ್ಬಿಯ ಮಡಕಿಕಾಳಿನ ಪಲ್ಯ ಅರ್ಧ ಮಣ್ಣಾಗಿತ್ತು. ಉಳಿದರ್ಧ ತಿಂದೆ.

ಫೆಬ್ರವರಿ 9, ರವಿವಾರ

ಮೂರು ದಿನ ಬರೆಯಲಿಲ್ಲ. ಬರೆಯಲು ಮನಸ್ಸಾಗಲಿಲ್ಲ, ಅಷ್ಟೇ.

ಇವತ್ತೂ ಅಬ್ರಾರ ಕೈ ನೆಟ್ಟಗೆ ಇಟ್ಟುಕೊಂಡು ಹಾಕಿದ. ಹುಡುಗರು ನಕ್ಕರು. ನಾನೂ ನಕ್ಕೆನೋ ಏನೋ... ನಕ್ಕೆ.

ಕಾಂತೇಶ ಹೈಸ್ಕೂಲು ಮಾಸ್ತರ, ಮೆತ್ತಗಿನ ಮನುಷ್ಯ. ಅವನೇ ನನ್ನ ಪಕ್ಕ ಬಂದು, "ಇವಂಗ ಸುಮ್ಮನ ಆಶಾ ಹಚ್ಚಬ್ಯಾಡ್ರಿ," ಅಂದ.

ಪ್ರಾಕ್ಟೀಸ್ ಮುಗಿದ ಮೇಲೆ ಅಬ್ರಾರ ಗ್ಲೌಸ್ ತಂದು ನನ್ನ ಕೈಗೆ ಕೊಟ್ಟ. "ನಾಳಿಯಿಂದ ಬರಂಗಿಲ್ರಿ ಅಣ್ಣಾ. ನನ್ನ ಕೈಯಾಗಽ ಏನೋ ಐಬ ಐತಿ. ಯಾ ಆಟಕ್ಕೂ ನಡೆಯಂಗಿಲ್ಲ."

ನಾನು ಗ್ಲೌಸ್ ತೆಗೆದುಕೊಂಡೆ. ಒಣಗಿಸಿ ಇಡಬೇಕು ಎಂದೆ. ಅದನ್ನೇ ಎಂದೆ, ಬೇರೇನೂ ಅಲ್ಲ.

ಫೆಬ್ರವರಿ 12, ಬುಧವಾರ. ಸಂಜೆ

ಅಂಗಿ ಗೂಟಕ್ಕೆ ಹಾಕಲು ಕೈ ಏಳಲಿಲ್ಲ. ಸ್ನೇಹಲ್ ಇಸಕೊಂಡು ಹಾಕಿದಳು. ಅವಳಿಗೆ ಎಲ್ಲ ಹೇಳಿಬಿಟ್ಟೆ. ಮಂಗ, ಬೇರಿಂಗ್, ಗ್ಲೌಸ್, ಎಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ ಅವಳು.

"ಅಂವಾ ತನ್ನ ಕೈಯಾಗ ಐಬ ಐತಿ ಅಂತ ತಿಳಕೊಂಡ ಮನ್ಯಾಗ ಕುಂತಾನ. ಇಲ್ಲಂತ ನಿಮಗ ಗೊತ್ತೈತಿ. ಗೊತ್ತಿದ್ದೂ ಸುಮ್ಮನ ಕುಂತೀರಿ. ನಿಮಗ ಊಟಾ ಹೆಂಗ ಇಳೀತೈತ್ರಿ?"

"ಇಳಿಯಂಗಿಲ್ಲ," ಅಂದೆ.

"ನಾಕ ರೊಟ್ಟಿ ಆತು."

ನಾಚಿಕೆಯಾಯಿತು. ರೊಟ್ಟಿಗಲ್ಲ.

ಫೆಬ್ರವರಿ 13, ಗುರುವಾರ. ಬೆಳಿಗ್ಗೆ 9

ಆರೂವರೆಗೆ ಬುಡನಸಾಬರ ಮನೆ ಮುಂದೆ ನಿಂತೆ. ಅಬ್ರಾರ ಟೆಂಪೋ ಗಾಜು ಒರೆಸುತ್ತಿದ್ದ. ಹಿಂದೆ ಹತ್ತು ಎಂದೆ. ಬೈಕ್ ಹತ್ತಿದ, ಯಾಕೆಂದು ಕೇಳಲಿಲ್ಲ.

ಮೈದಾನದಲ್ಲಿ ಜಟ್ಟೆಪ್ಪ ಒಬ್ಬನೇ ಇದ್ದ. ಅವನನ್ನು ಕುಕ್ಕರಗಾಲಲ್ಲಿ ಕೂರಿಸಿದೆ. ಅಬ್ರಾರನ ಕೈಗೆ ಬಾಲ್ ಕೊಟ್ಟೆ.

"ಮಂಗನ ಕೊಂಬಿಗೆ ಒಗದಿದ್ಯಲ್ಲ, ಹಂಗಽ ಒಗಿ."

"ಮೊಣಕೈ ಮಡಚತೈತ್ರಿ."

"ಮಡಚಲಿ. ಈ ಆಟದಾಗ ಮಡಚಬೇಕಽ. ತಪ್ಪಲ್ಲೋ ಅದು. ನಿನ್ನ ಕೈಯಾಗ ಏನೂ ಐಬ ಇಲ್ಲ. ನನಗ ಎಂಟ ದಿನದ ಹಿಂದಽ ಗೊತ್ತಿತ್ತು, ಹೇಳಲಿಲ್ಲ. ನನ್ನ ಜಾಗಾ ಹೋಗತೈತಿ ಅಂತ ಹೇಳಲಿಲ್ಲ."

ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ತಲೆ ಕೆರೆದುಕೊಂಡ.

"ನೀವೂ ಕೈ ಮಡಚತೀರಿ ಅಂತ ನಾ ಮೊದಲನೇ ದಿನಾನಽ ನೋಡಿದ್ನಿರಿ ಅಣ್ಣಾ. ಇವರಿಗೂ ನನ್ನಂಗಽ ಐಬ ಐತಿ, ಹಿರ್ಯಾರು ಅಂತ ಯಾರೂ ಹೇಳಿಲ್ಲ ಅಂದ್ಕೊಂಡೆ. ನಾಕ ಮಂದ್ಯಾಗ ನಿಮ್ಮ ಮರ್ಯಾದಿ ಹೋಗಬಾರದಂತ ನಾನೂ ಬಾಯಿ ಬಿಡಲಿಲ್ರಿ."

ಐಬಲ್ಲದ್ದನ್ನು ಐಬು ಎಂದೇ ಅವನು ನಂಬಲು ನಾನು ಬಿಟ್ಟಿದ್ದೆ. ಅವನು ನನ್ನ ಮಾನ ಕಾಯುತ್ತಿದ್ದ. ಎಲ್ಲಿ ನೋಡಬೇಕೋ ತಿಳಿಯದೆ ನೆಲ ನೋಡಿದೆ. ಜಟ್ಟೆಪ್ಪನಿಗೂ ಎಲ್ಲ ಕೇಳಿಸಿತ್ತು. ಪುಣ್ಯಾತ್ಮ, ತನ್ನ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿಕೊಂಡ.

ಅಬ್ರಾರ ಒಗೆದ.

ಬಾಲ್ ಕಾಣಲೇ ಇಲ್ಲ. ಗ್ಲೌಸಿನ ಸದ್ದು ಮಾತ್ರ ಕೇಳಿತು, ಮತ್ತು ಜಟ್ಟೆಪ್ಪ ಹಿಂದಕ್ಕೆ ಕುಂಡಿ ಊರಿ ಕುಳಿತದ್ದು. ಗ್ಲೌಸ್ ಬಿಚ್ಚಿ ಅಂಗೈ ಊದಿಕೊಂಡ. "ಇನ್ನೊಂದ ಒಗೀಲೇ," ಅಂದ. ಹೀಗೆ ಅವನು ನನಗೆ ಎಂದೂ ಕೇಳಿಲ್ಲ.

ಹತ್ತರಲ್ಲಿ ಏಳು ಗುರಿಗೆ ಬಿದ್ದವು. ಮೂರು ಎಲ್ಲಿಗೋ. ಒಂದು ಇನ್ನೂ ಸಿಕ್ಕಿಲ್ಲ.

ಫೆಬ್ರವರಿ 14, ಶುಕ್ರವಾರ

ಹದಿನೈದು ಹೆಸರು ಐದು ನಿಮಿಷದಲ್ಲಿ ಬರೆದೆ. ಹದಿನಾರನೆಯದಕ್ಕೆ ಒಂದು ಚಹಾ, ಇನ್ನೊಂದು ಚಹಾ. ಅಂತೂ ಬರೆದು ಸರ್ ಮನೆಗೆ ಒಯ್ದೆ. ಓದಿ ಹೇಳಿದೆ.

"ಅಬ್ರಾರ," ಅಂದರು. "ಮತ್ತ ನಿಂದು?"

"ಕೋಚಿನ ಜಾಗಾ ಖಾಲಿ ಐತೆಲ್ರಿ ಸರ, ನೀವು ಬಿಸಲಿಗೆ ಬರೂಹಂಗಿಲ್ಲ."

ನಕ್ಕರು. ಬಾಗಿಲವರೆಗೆ ತಡವರಿಸಿಕೊಂಡು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು, ಸರಿಯಾಗಿ ನೋಯುವ ಹೆಗಲೇ.

ಹೊರಗೆ ಬೈಕ್ ಮೇಲೆ ಕುಳಿತು ಸ್ವಲ್ಪ ಅತ್ತೆ. ಆಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ ಗಿರಮಿಟ್ಟು ತಿಂದೆ. ಮೆಣಸಿನಕಾಯಿ ಭಜಿ ಖಾರವಿತ್ತು, ಕಣ್ಣು ಕೆಂಪಾಗಲು ನೆಪ ಸಿಕ್ಕಿತು. ರುಚಿಯಾಗಿತ್ತು. ಎರಡನೇ ಪ್ಲೇಟ್ ತೆಗೆದುಕೊಂಡೆ.

ಫೆಬ್ರವರಿ 23, ರವಿವಾರ. ರಾಮದುರ್ಗ, ಮಧ್ಯಾಹ್ನ 3.10

ಫೈನಲ್. ಎದುರಿಗೆ ಸವದತ್ತಿ. ಬೆಂಚಿನ ಮೇಲೆ ಕುಳಿತಿದ್ದೇನೆ, ಕೈಗೆ ಕೆಲಸವಿಲ್ಲ, ಅದಕ್ಕೆ ಡೈರಿ. ಕಾಂತೇಶ ಐದು ಇನ್ನಿಂಗ್ಸ್ ಎಸೆದು ಬಂದ. ಬೆನ್ನು ತಟ್ಟಿದೆ. ನಾವು ಆರು, ಅವರು ಐದು. ಇನ್ನು ಎರಡು ಇನ್ನಿಂಗ್ಸ್. ಅಬ್ರಾರನನ್ನು ಕಳಿಸಿದೆ.

3.35

ಆರನೆಯದು ಮುಗಿಯಿತು. ಮೂವರು ಬಂದರು, ಮೂವರೂ ಔಟ್. ಜಟ್ಟೆಪ್ಪ ಗ್ಲೌಸ್ ಒಳಗೆ ಕರವಸ್ತ್ರ ತುರುಕಿಕೊಂಡ. ನಾನು ಏನೂ ಮಾಡದೆ ಇಷ್ಟು ಖುಷಿಯಾಗಿ ಯಾವತ್ತೂ ಕುಳಿತಿಲ್ಲ.

3.50

ಏಳನೆಯದು, ಕೊನೆಯ ಇನ್ನಿಂಗ್ಸ್. ಕೆಟ್ಟಿತು. ಮುನವಳ್ಳಿಯ ಆ ಮ್ಯಾಚ್ ನೋಡಿದವರು ಯಾರೋ ಗುರುತು ಹಿಡಿದಿದ್ದಾರೆ. ಬೇಲಿ ಆಚೆಯಿಂದ ಕೂಗು ಎದ್ದಿದೆ. "ಕೈ ಮಡಚತಾನಲೇ! ಅಂಪೈರ್, ಕೈ ನೋಡ್ರಿ, ಕೈ!" ಒಬ್ಬ ಶುರು ಮಾಡಿದ, ಈಗ ಇಪ್ಪತ್ತು ಜನ. ಅಬ್ರಾರನ ಕೈ ಕೋಲಾಯಿತು. ಎಂಟು ಬಾಲ್ ಹೊರಗೆ. ಇಬ್ಬರಿಗೆ ಬಿಟ್ಟಿ ಬೇಸ್. ಒಬ್ಬನೂ ಔಟಿಲ್ಲ.

ಕೋಚ್ ಒಳಗೆ ಹೋಗಬಹುದು. ಹೋಗುತ್ತೇನೆ.

4.05

ಹೋಗಿ ಬಂದೆ. ಅವನ ಕಣ್ಣಲ್ಲಿ ನೀರಿತ್ತು. "ಕೇಳಾಕತ್ತೀರಿಲ್ರಿ, ಏನಂತಾರ?"

"ಕೇಳಾಕತ್ತೇನಿ," ಅಂದೆ. ಆಮೇಲೆ ಬೇಲಿಯ ಕಡೆ ತಿರುಗಿ, ಹದಿಮೂರು ವರ್ಷದಲ್ಲಿ ಯಾವ ಮೈದಾನದಲ್ಲೂ ಕೂಗದಷ್ಟು ಜೋರಾಗಿ ಕೂಗಿದೆ. "ಹೌದ್ರಿಪಾ, ಮಡಚತಾನ! ಚೊಲೋ ಮಡಚತಾನಂತನಽ ಬೈಲಹೊಂಗಲದಿಂದ ಕರಕೊಂಡ ಬಂದೇನಿ! ನನಗಿಂತ ಚೊಲೋ!"

ಅಂಪೈರ್ ನಕ್ಕುಬಿಟ್ಟ. ಬೇಲಿಯವರೂ ನಕ್ಕರು, ಆದರೆ ಈ ನಗು ಬೇರೆ. ಅಬ್ರಾರ ತೋಳಿನಿಂದ ಮುಖ ಒರೆಸಿಕೊಂಡ.

ಮುಂದಿನವನು ಮೂರು ಬಾಲಿಗೆ ಔಟ್. ಆಮೇಲಿನವನು ಮೇಲಕ್ಕೆ ಎತ್ತಿದ, ಜಟ್ಟೆಪ್ಪ ಮುಖವಾಡ ಕಿತ್ತೊಗೆದು ಹಿಡಿದ.

4.15

ಕೊನೆಯವನು, ಎತ್ತರದ ಆಸಾಮಿ. ಎರಡು ಸಲ ಬೀಸಿ ತಪ್ಪಿದ್ದಾನೆ, ಮೂರು ಬಾಲ್ ಹೊರಗೆ. ಇನ್ನೊಂದು ಗುರಿಗೆ ಬಿದ್ದರೆ ಔಟ್, ಆಟ ನಮ್ಮದು; ಹೊರಗೆ ಹೋದರೆ ಇವನಿಗೂ ಬಿಟ್ಟಿ ಬೇಸ್.

ಮೊದಲೆಲ್ಲ ಅವನ ಕೈ ಎದ್ದಾಗ ತಪ್ಪಲಿ ಅಂತ ಬಯಸುತ್ತಿದ್ದೆ. ಇಲ್ಲಿ ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಈಗ ಹೊಟ್ಟೆಯೊಳಗೆ ಅದನ್ನು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಗುರಿಗೆ ಬೀಳಲಪ್ಪ, ಗುರಿಗೆ ಬೀಳಲಿ, ಇಷ್ಟೇ ಇದೆ. ಕಾಂತೇಶ ನನ್ನ ಮೊಣಕಾಲು ಹಿಡಿದುಕೊಂಡಿದ್ದಾನೆ. ಅಬ್ರಾರ ಒಂದು ಸಲ ನನ್ನ ಕಡೆ ನೋಡಿದ.

ಕೈ ಎತ್ತಿದ. ಮೊಣಕೈ ಪೂರ್ತಿ ಮಡಚಿ, ಕಿವಿಯ ಹಿಂದೆ —