ಬಿಳಿಯ ಏಪ್ರನ್ನಿನ ಮೇಲಿನ ಕುಂಕುಮ

ಕೃಷ್ಣರಾಜನಗರ
೯-೧೧-೨೦೦೧, ಶುಕ್ರವಾರ

ಹುಣಸೂರಿನ ಅಜೀಜುನ್ನೀಸಾ ಅವರಿಗೆ, ಲಿಂಗಪೂಜೆ ಮುಗಿಸಿ ಎದ್ದ ಕೈಯಿಂದಲೇ ನೀಲಾಂಬಿಕೆ ಬರೆಯುವ ವಂದನೆಗಳು.

ನಿಮ್ಮ ಪತ್ರ ಸೋಮವಾರ ಬಂದು ಸೇರಿತು. ಮೊಮ್ಮಗ ಮುದಸ್ಸಿರ್ ತಾತನಂತೆಯೇ ಮೈಸೂರಿನ ಫ್ರೀಮೇಸನ್ನರ ಲಾಡ್ಜಿಗೆ ಸೇರಿರುವುದು, ಬರುವ ಗುರುವಾರ ಅಲ್ಲಿ ಮೂರನೆಯ ದೀಕ್ಷೆ ಪಡೆಯಬೇಕಾಗಿರುವುದು, ಆ ದಿನ ನಡುವಿಗೆ ಕಟ್ಟಿಕೊಳ್ಳಲೆಂದು ತಾತನ ನೀಲಿ ಅಂಚಿನ ಬಿಳಿ ಚರ್ಮದ ಏಪ್ರನ್ ತೆಗೆದಾಗ ಅದರ ಮೇಲೆ ಕೆಂಪು ಕಲೆ ಕಂಡದ್ದು, ಎಲ್ಲವೂ ತಿಳಿಯಿತು. ಲಾಡ್ಜಿನ ಯಾರೋ ಹಿರಿಯರು ಅದನ್ನು ನೋಡಿ, "ಕಳಂಕ ಇಲ್ದೇ ಬಾಳ್ಲಿ ಅಂತ ತಾನೇ ಬಿಳೀದು ಕೊಡೋದು? ನಿಮ್ ತಾತ ಏನೋ ಮಾಡ್ಕೊಂಡಿರ್ಬೇಕು ಕಣಪ್ಪ" ಎಂದರೆಂದೂ, ಅಂದಿನಿಂದ ಮುದಸ್ಸಿರ್ ಇನ್ನು ಆ ಮೆಟ್ಟಿಲು ಹತ್ತುವುದಿಲ್ಲವೆಂದು ಕುಳಿತಿದ್ದಾನೆಂದೂ ಬರೆದಿದ್ದೀರಿ. ನಿಮ್ಮ ಯಜಮಾನರಾದ ಮೆಹಬೂಬ್ ಸಾಹೇಬರು ಮಾಡಿದ ತಪ್ಪೇನೆಂದು ನನಗೆ ತಿಳಿದಿದ್ದರೆ ಮುಚ್ಚಿಡದೆ ಹೇಳಬೇಕೆಂದು ಕೇಳಿದ್ದೀರಿ.

ಮುಚ್ಚಿಡುವುದಿಲ್ಲ. ಆ ಕಲೆ ನಾನು ಮಾಡಿದ್ದು.

ನಮ್ಮ ಯಜಮಾನರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದುದನ್ನೂ ನಿಮ್ಮ ಯಜಮಾನರೊಡನೆ ಅದೇ ಲಾಡ್ಜಿನಲ್ಲಿದ್ದುದನ್ನೂ ನೀವು ಬಲ್ಲಿರಿ. ನಾಲೆಯ ಅಳತೆ ಹಿಡಿಯುವ ದುರ್ಬೀನು ಮೊದಲ್ಗೊಂಡು ಟೇಪಿನವರೆಗೆ ಅವರ ಸಾಮಾನನ್ನೆಲ್ಲ ವರ್ಷಕ್ಕೊಮ್ಮೆ ಮಣೆಯ ಮೇಲಿಟ್ಟು ಪೂಜಿಸುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಎಂಬತ್ತೆರಡನೆಯ ಇಸವಿಯ ಆಯುಧಪೂಜೆಯಂದು ಅವರ ಲಾಡ್ಜಿನ ಪೆಟ್ಟಿಗೆ ನನ್ನ ಕಣ್ಣಿಗೆ ಬಿತ್ತು. ಪಕ್ಕದ ಮನೆಯ ಪುಟ್ಟಲಕ್ಷ್ಮಿಯೂ ಅಲ್ಲೇ ಇದ್ದಳು. "ತಿಂಗ್ಳಿಗೊಂದ್ ದಪ ಯಜಮಾನ್ರು ಲಾಡ್ಜಿಗೆ ಓಯ್ತಾರಂತಲ್ಲಾ, ಮನೇಲಿ ಮಂಚ ಇಲ್ವಾ ಕಣಕ್ಕಾ?" ಎಂದು ಅವಳು ಅಣಕಿಸುವುದು ಹೊಸದೇನಲ್ಲ. ಅವಳ ಬಾಯಿ ಮುಚ್ಚಿಸಲೆಂದೇ ಪೆಟ್ಟಿಗೆ ತೆರೆದೆ. ಮೇಲೆ, ಆ ತಿಂಗಳು ಲಾಡ್ಜಿನ ಪೀಠವೇರುವಾಗ ಧರಿಸಲೆಂದು ಅವರು ತಂದಿಟ್ಟಿದ್ದ ಬೆಳ್ಳಿಯ ಮೂಲೆಮಟ್ಟ, ಕೆಳಗೆ ಏಪ್ರನ್. ಗಾರೆಯವರ ಹತಾರವನ್ನು ಸನ್ನಡತೆಯ ಗುರುತಾಗಿ ಧರಿಸುವ ಬಳಗ ಅದೆಂದು ಅವಳಿಗೆ ವಿವರಿಸಿ, ಕಾಯಕದ ಹತಾರವೆಂದ ಮೇಲೆ ಪೂಜೆಗೆ ಅರ್ಹವೆಂದು ತೀರ್ಮಾನವನ್ನೂ ಕೊಟ್ಟೆ. ಚರ್ಮವನ್ನು ಪೂಜೆಗಿಡಬಹುದೆ ಎಂಬ ಶಂಕೆ ಬಂದಿತು. ಮೃದಂಗವೂ ಚರ್ಮದ್ದೇ, ಅದನ್ನು ದೇವರೆದುರು ನುಡಿಸುವುದಿಲ್ಲವೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಬೆರಳಲ್ಲಿ ತೆಗೆದು ಬೆಳ್ಳಿಗೊಂದು ಬೊಟ್ಟು, ಏಪ್ರನ್ನಿಗೊಂದು ಬೊಟ್ಟು ಇಟ್ಟು ಮಂಗಳಾರತಿ ಎತ್ತಿದೆ. ಬೆಳ್ಳಿಯದು ಒರೆಸಿದೊಡನೆ ಹೋಯಿತು. ಚರ್ಮ ಎಣ್ಣೆ ಕುಡಿಯುತ್ತದೆಂಬ ಸಣ್ಣ ವಿಷಯ ನನ್ನ ಶಾಸ್ತ್ರಜ್ಞಾನಕ್ಕೆ ಹೊಳೆದಿರಲಿಲ್ಲ. ಏನೂ ಆಗದವಳಂತೆ ಪೆಟ್ಟಿಗೆ ಮುಚ್ಚಿಟ್ಟೆ.

ಈಗ ನಮ್ಮ ಪೆಟ್ಟಿಗೆಯಲ್ಲಿರುವ ಏಪ್ರನ್ ಕೆನೆಹಾಲಿನಂತೆ ಶುಭ್ರವಾಗಿದೆ. ನಿಮ್ಮ ಪತ್ರ ಓದಿದ ಮೇಲೆ, ಮೊನ್ನೆ ಸೋಮವಾರ, ಮೊದಲ ಬಾರಿಗೆ ಅದರ ಮಡಿಕೆ ತಿರುಗಿಸಿ ನೋಡಿದೆ. ಒಳಗೆ ಉರ್ದುವಿನಲ್ಲಿ ಒಂದು ಹೆಸರು ಬರೆದಿದೆ. ನನಗೆ ಉರ್ದು ಬಾರದು. ನಮ್ಮ ಯಜಮಾನರಿಗೂ ಬರುತ್ತಿರಲಿಲ್ಲ.

ಆದ್ದರಿಂದ ನಿಮ್ಮ ಕಾರು ಓಡಿಸುತ್ತಿದ್ದ ಅಂತರಸಂತೆಯ ಚಿಕ್ಕಮಾದುವನ್ನು ಕರೆಸಿ, ಏಪ್ರನ್ನನ್ನು ಮುಂದಿಟ್ಟು ಕೇಳಿದೆ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುವುದು ನ್ಯಾಯ:

"ಅವತ್ತು ನಿಮ್ಮೆಜಮಾನ್ರು ಲಾಡ್ಜಲ್ಲಿ ದೊಡ್ಡ ಕುರ್ಚಿ ಮೇಲೆ ಕೂರೋ ದಿನ ಕಣ್ರವ್ವ. ದಾರೀಲಿ ಇಲವಾಲದಲ್ಲಿ ಟೀ ಕುಡೀವಾಗ ಪೆಟ್ಟಿಗೆ ತಗುದ್ರು. ಮಕ ಇಷ್ಟೇ ಇಷ್ಟಾಗೋಯ್ತು. 'ನಾ ಬರಾಕಿಲ್ಲ ಕಣಯ್ಯ ಮೆಹಬೂಬು, ನಮ್ಮನೆಯವ್ಳು ಇದ್ಕೂ ಪೂಜೆ ಮಾಡ್ಬುಟ್ಟವ್ಳೆ' ಅಂದ್ರು. ನಮ್ ಸಾಹೇಬ್ರು ಒಟ್ಟೆ ಇಡ್ಕಂಡು ನಕ್ರು. 'ತತ್ತಾ ಇಲ್ಲಿ, ಅಕ್ಕ ಪೂಜೆ ಮಾಡಿರೋದ್ನ ನಾ ಕಟ್ಕತೀನಿ, ನಂದ ನೀ ಕಟ್ಕೊ. ಕುರ್ಚಿ ಮೇಲೆ ಕೂರೋನು ನೀನು, ನನ್ಯಾರ್ ನೋಡಾರು' ಅಂದ್ರು. ಲಾಡ್ಜಿನ್ ಜಗ್ಲಿ ಮೇಲೆ ಯಾರೋ 'ಏನ್ ಸಾಹೇಬ್ರೆ, ಬಿರಿಯಾನಿ ಚೆಲ್ಕಂಡ್ರಾ?' ಅಂದ್ರೆ, 'ಊ ಕಣಯ್ಯ, ನಿಂಗೆ ಉಳೀನಿಲ್ಲ' ಅಂದ್ಬುಟ್ರು. 'ಯಾರ್ಗೂ ಏಳ್ಬ್ಯಾಡ ಕಣ್ಲಾ ಮಾದ, ಅಕ್ಕಂಗೆ ನಾಚ್ಕೆ ಆಯ್ತದೆ' ಅಂತ ನಂಗೆ ಆಣೆ ಆಕ್ಸಿದ್ರು."

ನಮ್ಮ ಯಜಮಾನರು ಆಮೇಲೆ ಎಷ್ಟು ಬೇಡಿದರೂ ಮೆಹಬೂಬ್ ಸಾಹೇಬರು ತಮ್ಮದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲವಂತೆ. ಹದಿನಾರು ವರ್ಷ, ತಾವು ಕಣ್ಮುಚ್ಚುವವರೆಗೆ, ಇನ್ನೊಬ್ಬರ ಮನೆಯ ಪ್ರಮಾದವನ್ನು ನಡುವಿಗೆ ಕಟ್ಟಿಕೊಂಡು ಬಿಳಿಯ ಏಪ್ರನ್ನುಗಳ ಸಾಲಿನಲ್ಲಿ ನಿಂತರು. ಕಳಂಕರಹಿತ ಎಂಬ ಮಾತಿಗೆ ಅವರಿಗಿಂತ ಯೋಗ್ಯರು ಆ ಸಾಲಿನಲ್ಲಿ ಇದ್ದಿರಲಾರರೆಂದು ನಾನು ಲಿಂಗವನ್ನು ಮುಟ್ಟಿ ಹೇಳಬಲ್ಲೆ.

ಇದೋ, ನಿಮ್ಮ ಯಜಮಾನರ ಏಪ್ರನ್ನನ್ನು ಚಿಕ್ಕಮಾದುವಿನ ಕೈಯಲ್ಲೇ ಕಳುಹಿಸಿದ್ದೇನೆ. ಗುರುವಾರ ಮುದಸ್ಸಿರ್ ಕಟ್ಟಿಕೊಳ್ಳತಕ್ಕದ್ದು ಅದನ್ನೇ. ಜೊತೆಗೆ ಬೆಳ್ಳಿಯ ಮೂಲೆಮಟ್ಟವನ್ನೂ ಇಟ್ಟಿದ್ದೇನೆ. ಪೀಠವೇರಿದವರು ಧರಿಸುವ ಪದಕ ಅದು, ಅವನು ಏರುವ ದಿನಕ್ಕೆ ಕಾದಿರಲಿ. ನನ್ನ ಮಗ ಮಾದೇಶನನ್ನು ಕೇಳಿಯೇ ಕೊಡುತ್ತಿದ್ದೇನೆ. "ಕೊಟ್ಬಿಡವ್ವ, ನಾನೇನು ಗೋಡೆ ಕಟ್ಬೇಕಾ?" ಎಂದುಬಿಟ್ಟ.

ಆ ಹಿರಿಯರಿಗೆ ಮುದಸ್ಸಿರ್ ಈ ಪತ್ರವನ್ನು ಓದಿ ಹೇಳಲಿ. ಅನುಮಾನ ಉಳಿದರೆ ಅವರು ಕೃಷ್ಣರಾಜನಗರಕ್ಕೆ ದಯಮಾಡಿಸಲಿ. ಕಾಫಿ ಕೊಟ್ಟು ಪರಿಹರಿಸುತ್ತೇನೆ. ಕಲೆಯಾದ ಏಪ್ರನ್ ಹಳೆಯ ಚರ್ಮ. ಅದನ್ನು ನೀವು ಏನು ಮಾಡಿದರೂ ಸರಿಯೇ.

ಇಂತು, ನಿಮ್ಮ ಯಜಮಾನರಿಂದ ಅಕ್ಕ ಎನಿಸಿಕೊಂಡ,
ನೀಲಾಂಬಿಕೆ

ಮರುಬರಹ: ಈ ಚೀಟಿಯನ್ನು ಬೇರೆಯಾಗಿ ಮಡಿಸಿದ್ದೇನೆ, ನಿಮ್ಮೊಬ್ಬರಿಗೆ. ಸೋಮವಾರ ಮೊದಲ ಬಾರಿಗೆ ನೋಡಿದೆನೆಂದು ಬರೆದದ್ದು ಸುಳ್ಳು. ಹನ್ನೊಂದು ವರ್ಷಗಳ ಹಿಂದೆ ಯಜಮಾನರು ಲಿಂಗೈಕ್ಯರಾದ ವಾರದಲ್ಲೇ ಆ ಹೆಸರನ್ನು ಕಂಡಿದ್ದೆ, ಚಿಕ್ಕಮಾದುವಿನ ಬಾಯಿಯನ್ನೂ ಆಗಲೇ ಬಿಡಿಸಿದ್ದೆ. ಅದಾದ ಮೇಲೂ ಎಂಟು ವರ್ಷ ಮೆಹಬೂಬ್ ಸಾಹೇಬರು ಇದ್ದರು. ಬಂದಾಗಲೆಲ್ಲ ನಮ್ಮ ಜಗಲಿಯ ಮೇಲೆ ಕುಳಿತು ಕಾಫಿ ಕುಡಿದು ಹೋದರು. ನಾನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವರು ಅದನ್ನು ತಂದು ಕೊಟ್ಟುಬಿಡುತ್ತಿದ್ದರು. ಹಣೆಯ ಕುಂಕುಮವನ್ನು ತೆಗೆದಿದ್ದ ನನಗೆ, ಮುತ್ತೈದೆಯಾಗಿ ನಾನಿಟ್ಟಿದ್ದ ಆ ಬೊಟ್ಟನ್ನು ಮತ್ತೆ ಕಣ್ಣಾರೆ ನೋಡುವ ಧೈರ್ಯವಿರಲಿಲ್ಲ. ಈಗ ಇದೆ. ಏನು ಮಾಡಿದರೂ ಸರಿಯೇ ಎಂಬ ಮಾತನ್ನು ಹೊಡೆದುಹಾಕಿ ಓದಿಕೊಳ್ಳಿ. ತೊಳೆಸಬೇಡಿ, ಉಜ್ಜಿಸಬೇಡಿ. ಚಿಕ್ಕಮಾದು ಬರಿಗೈಯಲ್ಲಿ ಹಿಂತಿರುಗಬಾರದು.